ಬರಬೇಕಾಗಿರೋ ಕ್ಯಾಮೆರಾ

ಬರುತ್ತೆ ಕಣಪ್ಪಾ, ಬರುತ್ತೆ! ಯಾವತ್ತು ಬರುತ್ತೆ, ಯಾವತ್ತು ಬರುತ್ತೆ ಅಂತ ನನ್ನ ಕೇಳಿದ್ರೆ ನಾನೇನ್ ಹೇಳ್ಲಿ? ನಾನೇನು ಆ ಕ್ಯಾಮೆರಾ ಕಂಪ್ನಿ ಮನೆ ಅಳಿಯನಾ? ‘ಕಡೂರು ಹೊನ್ನೇಶಣ್ಣ, ಹೊಸ ಸೆನ್ಸರ್ ರೆಡಿ ಆಯ್ತು, ಮುಂದಿನ ಶುಕ್ರವಾರ ಬಿಡ್ತಾ ಇದೀವಿ, ನಿಮ್ಮ ಗೆಳೆಯ ಅಜ್ಜಂಪುರದ ಕೆಂಪರಾಜೂಗೂ ಒಂದ್ಮಾತು ಹೇಳ್ಬಿಡಿ’ ಅಂತ ನಂಗೆ ಫೋನ್ ಮಾಡ್ತಾರಾ? ಅವ್ರಿಗೆ ಯಾವಾಗ ಮನಸ್ಸು ಬರುತ್ತೋ ಆವಾಗ ಕ್ಯಾಮೆರಾ ಬರುತ್ತೆ.

ತಡಿ, ಕೂತ್ಕೋತೀನಿ. ಬಸ್ಸಲ್ಲಿ ನಿಂತ್ಕೊಂಡೇ ಬಂದೆ. ಇಲ್ಲೇ ಕೂರ್ಲಾ, ಪಾಸ್‌ಪೋರ್ಟ್ ಫೋಟೋ ಸ್ಟೂಲ್ ಮೇಲೆ? ಬೇರೆ ಕುರ್ಚಿ ಇಲ್ವಾ? ಆಯ್ತು ಬಿಡು. ಆ ಲೈಟ್ ಒಂಚೂರು ಆರಿಸೋ, ನೆಟ್ಟಗೆ ಮುಖಕ್ಕೇ ಹೊಡೀತಿದೆ, ಪೊಲೀಸ್ ಸ್ಟೇಷನ್ನಲ್ಲಿ ಕೂರಿಸ್ದಂಗಿದೆ... ಗಿರಾಕಿ ಬರ್ತಾರಾ? ಬರ್ಲಿ, ಬರ್ಲಿ. ಉರೀಲಿ ಹಂಗಾದ್ರೆ.

ಏನು? ಕಡೂರಿಂದ ಇಲ್ಲೀಗಂಟ ಯಾಕೆ ಬಂದೆ ಅಂತಾನಾ? ಇದೊಳ್ಳೆ ಕಥೆ ಆಯ್ತಲ್ಲ! ಗೆಳೆಯನ ಸ್ಟುಡಿಯೋಗೆ ಬರೋಕೆ ಕಾರಣ ಬೇಕಾ? ಈರುಳ್ಳಿ ತಗೊಂಡೋಗಣ ಅಂತ ಬಂದೆ. ಹೂಂ ಕಣೋ, ಈರುಳ್ಳಿ. ಯಾಕ್ ನಗ್ತೀಯಾ? ಕಡೂರಲ್ಲಿ ಈರುಳ್ಳಿ ಸಿಗಲ್ಲ ಅಂತ ನಾನೇನ್ ಹೇಳ್ಲಿಲ್ಲ. ನಿಮ್ಮೂರಿಂದು ಕಪ್ಪು ಮಣ್ಣಿನ ಈರುಳ್ಳಿ, ಕೊಳೆಯಲ್ಲ. ನಮ್ಮ ವನಜಾಕ್ಷಿ ಕಳ್ಸಿದ್ಲು. ಹೆಂಡ್ತಿ ಕಳ್ಸಿದ್ಲು ಅಂದ್ಮೇಲೆ ಮುಂದಕ್ಕೆ ಪ್ರಶ್ನೆ ಕೇಳ್ಬಾರ್ದು, ಅದು ಗಂಡಸರ ಮರ್ಯಾದೆ.

ಬ್ಯಾಗಾ? ಅದ್ಯಾಕೆ ಈಗ... ಬಿಡು, ಅಲ್ಲೇ ಇರ್ಲಿ. ಫೋಟೋಗ್ರಾಫರ್ ಅಂದ್ಮೇಲೆ ಹೆಗಲಿಗೊಂದು ಬ್ಯಾಗ್ ಇರ್ಬೇಕು. ಇಲ್ದಿದ್ರೆ ಜನ ವರಾನ್ವೇಷಣೆಗೆ ಬಂದೋನು ಅಂದ್ಕೋತಾರೆ. ಈರುಳ್ಳಿ ಅದ್ರಲ್ಲೇ ತುಂಬ್ಕೊಂಡು ಹೋಗ್ತೀನಿ. ಆಯ್ತಾ?

ಆ ಕಡೆ ಕೆಲಸ ಮಾಡ್ಕೋ ನೀನು, ಕತ್ತರಿಸ್ಕೋ ಫೋಟೋನ. ಯಾರ್ದು? ಸ್ಕೂಲ್ ಮಕ್ಕಳದ್ದಾ? ಎಲ್ಲಾ ಒಂದೇ ತರ ಹೆದರ್ಕೊಂಡಿವೆ. ಈ ಪುಟಾಣಿ ಕ್ಯಾಮೆರಾದಲ್ಲಿ ತೆಗೆದಿದ್ದಾ? ಪರವಾಗಿಲ್ಲ ಕಣೋ, ಚೆನ್ನಾಗೇ ಬಂದಿದೆ. ಪಾಸ್‌ಪೋರ್ಟ್ ಫೋಟೋಗೆ ಇಷ್ಟು ಸಾಕು. ಮುಖ ಒಂದು ಕಂಡ್ರಾಯ್ತು. ಈ ಸೀಸನ್ ಪೂರ್ತಿ ಇದ್ರಲ್ಲೇ ನಡೀತಿದೆ ಅನ್ನು... ಹೂಂ. ಇಲ್ಲ, ನಾನು ಸುಮ್ನೆ ಕೇಳ್ದೆ.

ಹೊಸ ಸುದ್ದಿ ಬಂದಿದೆ ಗೊತ್ತಾ? ಅದನ್ನ ಹೇಳೋಕೇ... ಅಲ್ಲ, ಈರುಳ್ಳಿಗೇ ಬಂದೆ, ಜೊತೇಲಿ ಇದೂ ಹೇಳ್ತೀನಿ. ಆ ಫಾರಿನ್ ವೆಬ್‌ಸೈಟಲ್ಲಿ ಹಾಕವ್ರೆ. ಈ ಸಲ ಗ್ಯಾರಂಟಿಯಂತೆ. ಕಳೆದ ಸಲಾನೂ ಗ್ಯಾರಂಟಿ ಅಂದಿದ್ರು, ಆದ್ರೆ ಈ ಸಲ ದಪ್ಪ ಅಕ್ಷರದಲ್ಲಿ ಹಾಕವ್ರೆ. ಸೆನ್ಸರ್ ಇಡೀ ಒಂದೇ ಏಟಿಗೆ ಓದುತ್ತಂತೆ ಕಣೋ, ಒಂದೇ ಏಟಿಗೆ!

ನಿಂಗೆ ಎಷ್ಟು ಸಲ ಹೇಳಿದೀನಿ, ಈಗಿರೋ ಸೆನ್ಸರ್, ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಆ ಬಿಲ್ಲೆ, ಮದುವೆ ಮನೆ ಪಂಕ್ತಿ ಇದ್ದಂಗೆ. ಮೇಲ್ಗಡೆ ಸಾಲಿಂದ ಬಡಿಸ್ಕೊಂಡು ಬರುತ್ತೆ. ಪಾಯಸದ ಬಕೆಟ್ ಕೊನೇ ಸಾಲಿಗೆ ಬರೋ ಹೊತ್ಗೆ ಮೊದಲನೇ ಸಾಲಿನೋರು ಮಜ್ಜಿಗೆ ಕುಡಿದು ಕೈ ತೊಳೆಯೋಕೆ ಎದ್ದಿರ್ತಾರೆ. ಅದಕ್ಕೇ ಫೋಟೋ ಮೇಲ್ಗಡೆ ಒಂದು ಗಳಿಗೆ, ಕೆಳಗಡೆ ಇನ್ನೊಂದು ಗಳಿಗೆ. ಎಮ್ಮೆದೊಡ್ಡಿ ಕಾವಲಲ್ಲಿ ನಾನು ಆ ಅಮೃತ್ ಮಹಲ್ ಹೋರಿ ಓಡೋದನ್ನ ಸದ್ದಿಲ್ಲದ ಶಟರಲ್ಲಿ ತೆಗೆದಿದ್ನಲ್ಲ, ಹೋರಿ ಗಾಳಿಗೆ ವಾಲಿದ ಚಪ್ಪರದಂಗೆ ಬಂದಿತ್ತು. ಪಾಪ, ಅಂಥಾ ಹೋರಿ! ಹೊಸದ್ರಲ್ಲಿ ಹಂಗಿಲ್ಲ. ಎಲ್ಲಾ ಎಲೆಗೂ ಒಂದೇ ಸಲ ಪಾಯಸ ಬೀಳುತ್ತೆ. ಮೇಲೂ ಅದೇ ಗಳಿಗೆ, ಕೆಳಗೂ ಅದೇ ಗಳಿಗೆ. ಆಮೇಲೆ ಮದುಮಗನ ಬಿಳೀ ಪಂಚೆ ಮಡಿಕೆನೂ ಕಾಣ್ಬೇಕು, ಮದುಮಗಳ ಜಡೆ ಎಳೆನೂ ಕಾಣ್ಬೇಕು, ಎರಡೂ ಒಂದೇ ಫೋಟೋದಲ್ಲಿ. ಒಂದೇ ಏಟಿಗೆ ಓದಿಸೋಕೆ ಹೋದ್ರೆ ಕಪ್ಪಲ್ಲಿ ಕಾಳು ಕಾಳು ಬರುತ್ತಂತೆ, ಅದನ್ನ ಸರಿ ಮಾಡ್ತಾ ಕೂತವ್ರಂತೆ. ಅದಕ್ಕೇ ತಡ. ಒಳ್ಳೇ ಅಡಿಗೆಗೆ ತಡ ಆಗಲ್ವಾ?

ಗೊತ್ತಾ? ಎಲ್ಲಾ ಗೊತ್ತಾ? ಮತ್ತೆ ಮೊದ್ಲೇ ಹೇಳ್ಬಾರ್ದಾ, ಬಾಯಿ ನೋಯಿಸ್ಕೊಂಡೆ.

ಹೂಂ, ಹೌದು. ತರೀಕೆರೆ ಸಭೇಲಿ ಇದನ್ನೇ ಹೇಳಿದ್ದು. ಅದೇ ಪಂಕ್ತಿ, ಅದೇ ಪಾಯಸ. ಮೂರು ತಾಲ್ಲೂಕಿನ ಫೋಟೋಗ್ರಾಫರ್‌ಗಳು ಬಂದಿದ್ರು, ನನಗೂ ಒಂದು ಶಾಲು ಹಾಕಿದ್ರು. ನಂಗೆ ಜೀವನದಲ್ಲಿ ಅದೊಂದೇ ಶಾಲು ಕಣೋ. ‘ಬರಲಿರೋ ಸೆನ್ಸರ್‌ಗೆ ಕತ್ತಲೆ ಅನ್ನೋದೇ ಗೊತ್ತಿಲ್ಲ!’ ಅಂದೆ ನೋಡು, ಅಷ್ಟರಲ್ಲಿ ಕರೆಂಟ್ ಹೋಯ್ತು. ಎಂಥಾ ಚಪ್ಪಾಳೆ! ನಾನೇ ಏರ್ಪಾಟು ಮಾಡಿಸಿದ್ದು ಅಂದ್ಕೊಂಡ್ರು ಎಲ್ರೂ. ಕರೆಂಟ್ ಬಂದಾಗ ನನ್ನ ತಟ್ಟೇಲಿದ್ದ ಬೋಂಡ ಇರ್ಲಿಲ್ಲ, ಆ ಮಾತು ಬೇರೆ. ಅವತ್ತಿಂದ ‘ಸೆನ್ಸರ್ ಹೊನ್ನೇಶಣ್ಣ’ ಅಂತ ಹೆಸರಾಯ್ತು. ಯಾರು ಲೆನ್ಸ್ ತಗೋಬೇಕಾದ್ರೂ ನಂಗೊಂದು ಫೋನು. ನಂಗೂ... ಹೇಳ್ತೀನಿ ಕೇಳು, ನಂಗೂ ಖುಷಿ ಆಗೋದು. ಮನೇಲಿ ಯಾರೂ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಕೇಳಲ್ಲ.

ಆದ್ರೆ ಒಂದು ಮಾತು ಕೆಂಪ. ಸಭೇಲಿ ನಾನು ‘ಕಾಯಿರಿ’ ಅಂದಿದ್ದು. ‘ಕೈಲಿರೋದನ್ನ ಮಾರ್ಕೊಳ್ಳಿ’ ಅಂತ ಅಂದಿರ್ಲಿಲ್ಲ.

ಫೋನಲ್ಲಾ?

ಫೋನಲ್ಲಿ ಅಂದ್ನಾ... ಇರ್ಬಹುದು. ಫೋನಲ್ಲಿ ಮನುಷ್ಯ ಏನೇನೋ ಅಂತಾನೆ. ‘ಮಾರ್ಬಿಡ್ಲೇನೋ ಹೊನ್ನೇಶ’ ಅಂತ ನೀನು ಕೇಳ್ದೆ, ‘ಮಾರ್ಬಿಡು, ಹೊಸದು ಬಂದ ಮಾರನೇ ದಿನ ನಿಂದು ಗುಜರಿ’ ಅಂತ ನಾನಂದೆ. ಹೂಂ. ಅಂದೆ. ಅನ್ನೋದು ನನ್ನ ಧರ್ಮ, ಯೋಚ್ನೆ ಮಾಡೋದು ನಿನ್ನ ಧರ್ಮ ಅಲ್ವೇನೋ? ನೀನು ಅವತ್ತೇ ಸಾಯಂಕಾಲ ತರೀಕೆರೆಗೆ ಹೋಗಿ ಧರ್ಮೇಶನ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಇಟ್ಟು ಬರ್ತೀಯ ಅಂತ ಯಾರಿಗ್ಗೊತ್ತಿತ್ತು! ಒಂದು ಸಲ ಹಳೇ ಪ್ಯಾಂಟ್ ಬಿಸಾಕೋಕೆ ವರ್ಷ ಯೋಚ್ನೆ ಮಾಡಿದೋನು ನೀನು.

ಸರಿ ಬಿಡು ಬಿಡು. ಬೇಜಾರಾಗ್ಬೇಡ. ಟೀ ತರ್ಸಿದ್ಯಾ? ಬೇಡ, ನಂಗೆ ಬೇಡ. ಬಸ್ ಸ್ಟ್ಯಾಂಡಲ್ಲೇ ಕುಡ್ಕೊಂಡು ಬಂದೆ.

ತನುಜಾ ಮದುವೆನಾ, ರಾಜಶೇಖರಣ್ಣನ ಮಗಳದ್ದು? ಆಯ್ತಲ್ಲ, ಚೆನ್ನಾಗೇ ಆಯ್ತು. ನೀನೇ ಬಂದಿದ್ಯಲ್ಲ. ರಾಜಶೇಖರಣ್ಣ ನಿನ್ನೇ ಕರ್ದಿದ್ದು, ‘ಸಖರಾಯಪಟ್ಟಣದಲ್ಲಿ ನಮ್ಮ ಮನೆ ಎಲ್ಲಾ ಕಾರ್ಯಕ್ಕೂ ಕೆಂಪರಾಜೂನೇ’ ಅಂತ. ನಿನ್ನ ಕೈಲಿ ಮದುವೆ ತೆಗೆಯೋ ಕ್ಯಾಮೆರಾ ಇಲ್ಲ, ನೀನೇ ನನ್ನ ಹೆಸರು ಹೇಳ್ದೆ. ನಾನೇನ್ ಕೇಳ್ಕೊಂಡು ಹೋಗಿದ್ನಾ? ಇಲ್ಲ. ಅದು ನಿನ್ನ ದೊಡ್ಡ ಗುಣ, ಒಪ್ಕೋತೀನಿ. ನಾನು ತಪ್ಪಿಸ್ಕೊಂಡು ಓಡಾಡ್ತಿದ್ನಾ? ಯಾರು? ನಾನಾ? ಕೆಲಸ ಕಣೋ! ನೀನು ಸ್ಟೇಜ್ ಹತ್ರ ಬಂದಾಗ ನಂಗೆ ಅಡಿಗೆ ಮನೇಲಿ ಕೆಲಸ ಇತ್ತು. ನೀನು ಊಟಕ್ಕೆ ಕೂತಾಗ ಸ್ಟೇಜ್ ಮೇಲೆ ಕೆಲಸ ಇತ್ತು. ಆಮೇಲೆ ನೀನು ಮತ್ತೆ ಸ್ಟೇಜಿಗೆ ಬಂದೆ. ಏನ್ ಮಾಡ್ಲಿ, ಮತ್ತೆ ಅಡಿಗೆ ಮನೆ. ಆಲ್ಬಮ್ಮಿಗೆ ಆರಿಸೋಕೆ ಕಳ್ಸಿದ್ದ ಫೋಟೋ ನೋಡಿ ರಾಜಶೇಖರಣ್ಣ ನೆನ್ನೆ ಫೋನ್ ಮಾಡಿ ‘ಏನಪ್ಪಾ ಹೊನ್ನೇಶ, ಇದು ನನ್ನ ಮಗಳ ಆಲ್ಬಮ್ಮೋ ಅಡಿಗೆ ಭಟ್ಟರ ಆಲ್ಬಮ್ಮೋ’ ಅಂದ. ಸಾರಿನ ಹಂಡೆ ನಾಲ್ಕೂ ಕಡೆಯಿಂದ ಬಂದಿದೆ. ಹಂಡೆ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ನಗೋ. ನಕ್ರೆ ಎಷ್ಟು ಲಕ್ಷಣವಾಗಿ ಕಾಣ್ತೀಯಾ.

ನೋಡ್ತೀಯಾ? ಫೋನಲ್ಲಿದೆ, ತೋರಿಸ್ತೀನಿ. ಇಲ್ನೋಡು, ಇದಕ್ಕೇ ನಾನು ಬಡ್ಕೊಳ್ಳೋದು ಹೊಸ ಸೆನ್ಸರ್ ಬೇಕು ಅಂತ! ಸ್ಟೇಜ್ ಮೇಲೆ ಆ ಎಲ್‌ಇಡಿ ಲೈಟ್ ಹಾಕವ್ರಲ್ಲ, ಮಿಣಮಿಣ ಅನ್ನೋದು ನಮ್ಮ ಕಣ್ಣಿಗೆ ಕಾಣಲ್ಲ, ಸೆನ್ಸರ್‌ಗೆ ಕಾಣುತ್ತೆ. ನೋಡು, ಮದುಮಗಳ ಮುಖದ ಮೇಲೆ ಪಟ್ಟೆ ಪಟ್ಟೆ. ತಾಳಿ ಕಟ್ಟೋ ಹೊತ್ತಲ್ಲಿ ಜೀಬ್ರಾ ಆಗಿಹೋಗವ್ಳೆ ತನುಜಾ. ನಾನೇನ್ ಮಾಡೋಕಾಗುತ್ತೆ? ಸೆನ್ಸರ್ ತಪ್ಪು. ಬರೋ ಕ್ಯಾಮೆರಾದಲ್ಲಾದ್ರೆ ಒಂದು ಗೆರೆ ಬೀಳ್ತಿರ್ಲಿಲ್ಲ ಆ ಮುಖದ ಮೇಲೆ...

ಯಾಕೆ ಮುಂದಕ್ಕೆ ತಳ್ತಿದೀಯಾ? ಪಟ್ಟೆ ನೋಡು ಅಂದ್ರೆ.

ಅದು ಗುಂಪು ಫೋಟೋ. ತೆಂಗಿನ ತೋಟದಲ್ಲಿ ತೆಗೆದಿದ್ದು, ಮಧ್ಯಾಹ್ನದ ಬಿಸಿಲು. ರಾಜಶೇಖರಣ್ಣನ ಕಡೆಯೋರು ಪೂರ್ತಿ ಅವ್ರೆ. ಅಲ್ಲಿ ಪಟ್ಟೆ ಗಿಟ್ಟೆ ಇಲ್ಲ, ಚೆನ್ನಾಗೇ ಬಂದಿದೆ. ಆಕಾಶ ಸ್ವಲ್ಪ ಬೆಳ್ಳಗಾಗಿದೆ ಅಷ್ಟೇ... ಯಾಕೋ ಮೂಲೆನೇ ದೊಡ್ಡದು ಮಾಡ್ತಿದೀಯಾ? ಜನ ಎಲ್ಲಾ ಮಧ್ಯದಲ್ಲವ್ರೆ ಕಣೋ. ಮದುಮಗಳು ಇಲ್ಲಿ. ಇಲ್ಲಿ! ಆ ಮೂಲೇಲಿ ಏನೈತೆ ಮಣ್ಣು, ಬರೀ ಆಕಾಶ.

ಎಲ್ಲಿ?

ಹೂಂ... ಧೂಳಿರ್ಬೇಕು. ಧೂಳು ಕಣೋ. ಯಾರ ಸೆನ್ಸರ್ ಮೇಲೆ ಧೂಳಿರಲ್ಲ ಹೇಳು. ಕಡೂರು ರೋಡ್ ಹೆಂಗಿದೆ ನಿಂಗೊತ್ತಲ್ಲ. ಕೊಡಿಲ್ಲಿ ಫೋನು. ಕೊಡೋ. ಇನ್ನೊಂದು ಯಾಕೆ ನೋಡ್ತೀಯಾ? ಅದೂ ಗುಂಪು ಫೋಟೋನೇ, ಹೆಣ್ಣಿನ ಕಡೆ ಆಯ್ತು, ಅದು ಗಂಡಿನ ಕಡೆ. ಅದರಲ್ಲೂ ಅದೇ ಮೂಲೇಲಾ? ಅದೇ ಜಾಗದಲ್ಲಾ? ಇರುತ್ತಪ್ಪಾ. ಕೆಲವು ಧೂಳು ಕೂತ ಕಡೆಯಿಂದ ಏಳಲ್ಲ, ನಮ್ಮ ಸಂಘದ ಅಧ್ಯಕ್ಷರಂಗೆ.

ಹುಣಸೆ ಬೀಜದಂಗಿದೆ ನಿಜ. ಪಕ್ಕದಲ್ಲೊಂದು ಬಾಲ. ಧೂಳಿಗೆ ಬಾಲ ಇರಬಾರ್ದಾ?

ಕೆಂಪ, ಹಂಗೆ ನೋಡ್ಬೇಡ ಕಣೋ. ಜಗತ್ತಲ್ಲಿ ಪಂಚೆ ಚುಂಗಲ್ಲಿ ಸೆನ್ಸರ್ ಒರೆಸಿ ಗೀರು ಮಾಡ್ಕೊಂಡೋನು ನೀನೊಬ್ನೇ ಅಂದ್ಕೊಂಡ್ಯಾ? ಎಷ್ಟೋ ಜನ ಇರ್ತಾರೆ. ಹೌದು, ನಾವೆಲ್ಲಾ ಅದಕ್ಕೆ ದೃಷ್ಟಿಬೊಟ್ಟು ಅಂತ ಹೆಸರಿಟ್ಟಿದ್ವಿ. ಹೆಸರಿಟ್ಟೋನೂ ನಾನೇ. ‘ನಮ್ಮ ಕೆಂಪನ ಫೋಟೋಗೆ ಯಾರ ಕಣ್ಣೂ ತಾಗಲ್ಲ, ಆಕಾಶದಲ್ಲೊಂದು ದೃಷ್ಟಿಬೊಟ್ಟು ಇಟ್ಟೇ ಕೊಡ್ತಾನೆ’ ಅಂತ. ನೀನು ಒಂದೊಂದು ಫೋಟೋನೂ ಕೂತು ಅಳಿಸ್ತಿದ್ದೆ, ನೆಪ್ಪಿದೆ. ಆದ್ರೆ ಇದು ಅದಲ್ಲ. ಅದೇ ತರದ್ದು. ಬೇರೆ.

ನನ್ನ ಕ್ಯಾಮೆರಾದಲ್ಲೇ ತೆಗೆದಿದ್ದು. ಇನ್ಯಾರ್ದ್ರಲ್ಲಿ ತೆಗೀಲಿ?

ಅಂದ್ರೆ... ನನ್ನದು ಸರ್ವೀಸಿಗೆ ಹೋಗಿದೆ. ಯಾವಾಗ ಅಂದ್ರೆ... ಸ್ವಲ್ಪ ದಿನ ಆಯ್ತು. ಇಲ್ಲ, ಕೆಟ್ಟಿಲ್ಲ. ಅಂದ್ರೆ ಕೆಟ್ಟಿದೆ. ನೀರು ಹೋಗಿದೆ ಒಳಗೆ.

ಹೇಳ್ತೀನಿ, ನಗ್ಬೇಡ. ನಕ್ರೆ ನಗು, ಆದ್ರೆ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೇಡ. ಬುಕ್ಕಾಂಬುಧಿ ಕೆರೇಲಿ ಒಂದು ಪ್ರೀ ವೆಡ್ಡಿಂಗ್ ಇತ್ತು. ಹುಡುಗ ಹುಡುಗಿ ಏರಿ ಮೇಲೆ ಕೈ ಕೈ ಹಿಡ್ಕೊಂಡು ನಿಲ್ಲೋದು, ನಾನು ಕೆಳಗಡೆ ನೀರಿನ ಅಂಚಲ್ಲಿ ನಿಂತು ತೆಗೆಯೋದು. ಹುಡುಗ ಅಂದ, ‘ಅಂಕಲ್, ಏರಿ ಪೂರ್ತಿ ಬರ್ಬೇಕು’ ಅಂತ. ಅದು ಬುಕ್ಕಾಂಬುಧಿ ಏರಿ ಕಣೋ, ಪೂರ್ತಿ ಬರ್ಬೇಕು ಅಂದ್ರೆ ನಾನು ಯಾವ ಊರಿಗೆ ಹೋಗ್ಬೇಕು? ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆ. ‘ಇನ್ನೂ ಸ್ವಲ್ಪ ಅಂಕಲ್’ ಅಂದ. ಇಟ್ಟೆ. ಪಾದ ತಣ್ಣಗಾಯ್ತು. ಆದ್ರೂ ಕಣ್ಣು ತೆಗೀಲಿಲ್ಲ, ಕಸುಬು ನೋಡು. ಇನ್ನೊಂದು ಹೆಜ್ಜೆಗೆ ನೆಲ ಮುಗೀತು. ನಾನು ಮುಳುಗಿ ಎದ್ದಾಗ ಮೇಲ್ಗಡೆ ಹುಡುಗಿ ಕೇಳ್ತಿದ್ಲು, ‘ಅಂಕಲ್, ಬಂತಾ?’

ನಾನು ಬಂದೆ. ಕ್ಯಾಮೆರಾ ಬರ್ಲಿಲ್ಲ. ಆಮೇಲೆ ಎಮ್ಮೆ ಮೈ ತೊಳೆಯೋಕೆ ಬಂದಿದ್ದೋನೊಬ್ಬ ಕಾಲಲ್ಲಿ ತಡಕಿ ಎತ್ತಿಕೊಟ್ಟ. ಅದರೊಳಗಿಂದ ಒಂದು ಸಣ್ಣ ಮೀನು ಬಂದಿದ್ರೂ ನಂಗೆ ಆಶ್ಚರ್ಯ ಆಗ್ತಿರ್ಲಿಲ್ಲ.

ವನಜಾಕ್ಷಿ ಬಿಟ್ರೆ ಯಾರಿಗೂ ಹೇಳ್ಲಿಲ್ಲ. ಹೆಂಗ್ ಹೇಳ್ಲಿ? ಸೆನ್ಸರ್ ಹೊನ್ನೇಶಣ್ಣ! ಜಪಾನಲ್ಲಿ ಯಾವ ಸೆನ್ಸರ್ ಯಾವತ್ತು ಬರುತ್ತೆ ಅಂತ ಹೇಳೋನಿಗೆ ಕಾಲ ಕೆಳಗೆ ಕೆರೆ ಬಂದಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಮಾನ ಉಳಿಯುತ್ತಾ? ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ, ತೇವ ಹೀರ್ಕೊಳ್ಳುತ್ತೆ ಅಂತಾರಲ್ಲ. ಸರ್ವೀಸಿನೋನು ಆಮೇಲೆ ನೋಡಿ, ‘ಇದನ್ನ ರಿಪೇರಿ ಮಾಡಿಸೋ ಬದ್ಲು ಮಣ್ಣು ಮಾಡಿ’ ಅಂದ. ಆ ಅಕ್ಕಿಲಿ ಮಾಡಿದ ಅನ್ನ ಪಾಚಿ ವಾಸನೆ ಹೊಡೆಯೋದು. ವನಜಾಕ್ಷಿ ನಂಗೊಬ್ನಿಗೇ ಬೇರೆ ಪಾತ್ರೇಲಿ ಮಾಡಿ ಬಡಿಸಿದ್ಲು, ಡಬ್ಬ ಖಾಲಿ ಆಗೋಗಂಟ.

ಯಾವಾಗ ಅಂದ್ರೆ ಯಾವಾಗ ಕಣೋ... ಯುಗಾದಿ ಆದ್ಮೇಲೆ.

ನೀನು ಫೋನ್ ಮಾಡಿದ್ದೂ ಯುಗಾದಿ ಆದ್ಮೇಲೇನಾ? ಇರ್ಬಹುದು. ಒಂದು ಹಬ್ಬ ಆದ್ಮೇಲೆ ಎಷ್ಟೋ ನಡೀತವೆ. ಎಲ್ಲಾನೂ ಒಂದಕ್ಕೊಂದು ಗಂಟು ಹಾಕೋದು ನಿನ್ನ ಕೆಟ್ಟ ಚಟ.

ಆಯ್ತು, ಕೇಳು. ಈ ಫೋಟೋ ಧರ್ಮೇಶನ ಹತ್ರ ಒಂದು ದಿನಕ್ಕೆ ಬಾಡಿಗೆ ತಂದ ಕ್ಯಾಮೆರಾದ್ದು. ಸಾಕಾ? ಅವನ ಅಂಗಡೀಲಿ ಯಾವುದೋ ಒಂದಿತ್ತು, ಕೊಟ್ಟ, ತಂದೆ. ಅದು ನಿಂದು ಅಂತ ನಂಗೇನ್ ಕನಸಾ? ಹಾಂ? ಹಾಸನದ ಪಾರ್ಟಿ ತಗೊಂಡೋಯ್ತು ಅಂದಿದ್ನಾ ಧರ್ಮೇಶ ನಿಂಗೆ? ಹೌದೌದು, ಹಾಸನದ ಪಾರ್ಟಿ. ನಂಗೂ ಅಂದ. ಆ ಹಾಸನದೋರು ವಾಪಸ್ ತಂದು ಕೊಟ್ಬಿಟ್ರಂತೆ. ಯಾಕೆ ಅಂದ್ರೆ... ಈ ಗೀರು ನೋಡಿ. ಅದಕ್ಕೇ ಧರ್ಮೇಶ ಬಾಡಿಗೆಗೆ ಬಿಡ್ತಾ ಅವ್ನೆ. ಹಾಸನದೋರು ಬಲು ಚೌಕಾಸಿ ಜನ, ಅವ್ರಿಗೆ...

ಕಟರ್ ಯಾಕೆ ಕೆಳಗಿಟ್ಟೆ?

ಕತ್ತರ್ಸು. ಮಕ್ಕಳು ಕಾಯ್ತಿರ್ತವೆ. ನಾನೇನ್ ಅಡ್ಡ ಬರಲ್ಲ.

ಲೇ ಕೆಂಪ.

ಏನಾದ್ರೂ ಅನ್ನೋ. ‘ಸುಳ್ಳುಬುರುಕ’ ಅನ್ನು. ನಿಂಗೆ ಬರೋ ಬೈಗುಳ ಎಲ್ಲಾ ನಂಗೊತ್ತು, ಸಣ್ಣೋನಿಂದ ಕೇಳಿದೀನಿ, ಅದರಲ್ಲಿ ಯಾವುದಾದ್ರೂ ಒಂದು ತೆಗೆದು ಹಾಕು. ಇಲ್ಲ ಎದ್ದು ಹೋಗು ಅನ್ನು. ಹಿಂಗೆ ಬ್ಯಾಗ್ ನೋಡ್ಕೊಂಡು ಕೂತ್ರೆ? ಬ್ಯಾಗಲ್ಲಿ ಏನಿದೆ ಅಂತ ಕೇಳು. ಕೇಳಲ್ವಾ? ಬಂದಾಗ ಕೇಳ್ದೋನು ಈಗ ಯಾಕೆ ಕೇಳಲ್ಲ?

ಆ ಗೋಡೆ ಮೇಲೆ ಬುದ್ಧನ ಫೋಟೋ ಇಟ್ಕೊಂಡಿದೀಯಲ್ಲ, ಅವ್ನು ಕಣ್ಮುಚ್ಕೊಂಡಾದ್ರೂ ಅವ್ನೆ. ನೀನು ಬಿಟ್ಕೊಂಡು ಸುಮ್ನೆ ಕೂತಿದೀಯಲ್ಲೋ. ಬುದ್ಧಂಗಿಂತ ಕಷ್ಟ ಆಯ್ತು ನಿಂದು.

ಹಾಸನದ ಪಾರ್ಟಿ ಯಾವುದೂ ಇಲ್ಲ.

ಬಾಡಿಗೆನೂ ಅಲ್ಲ, ನಿಂದನ್ನ ತಗೊಂಡಿದ್ದು ನಾನೇ. ಹಾಸನ ಅಂತ ಹೇಳು ಅಂತ ಧರ್ಮೇಶನಿಗೆ ಹೇಳ್ಕೊಟ್ಟೋನು ನಾನೇ. ಅವ್ನು ‘ದಾವಣಗೆರೆ ಅನ್ಲಾ’ ಅಂದ. ನಾನೇ ‘ದಾವಣಗೆರೆ ಕಡೆ ಕೆಂಪಂಗೆ ನೆಂಟ್ರವ್ರೆ, ಹಾಸನ ಅನ್ನು’ ಅಂದೆ. ನೋಡು, ಎಷ್ಟು ಯೋಚ್ನೆ ಮಾಡಿದೀನಿ. ಒಂದು ಫೋಟೋ ತೆಗೆಯೋಕೂ ಅಷ್ಟು ಯೋಚ್ನೆ ಮಾಡ್ದೋನಲ್ಲ ನಾನು.

ನೀನು ಫೋನ್ ಮಾಡ್ದಾಗ ನಾನು ಅಡಿಗೆ ಮನೇಲಿ ನೆಲದ ಮೇಲೆ ಕೂತಿದ್ದೆ ಕೆಂಪ. ಮುಂದ್ಗಡೆ ಅಕ್ಕಿ ಡಬ್ಬ. ಆಗ ತಾನೇ ಕ್ಯಾಮೆರಾನ ಅಕ್ಕಿಯಿಂದ ಎತ್ತಿ ಸ್ವಿಚ್ ಹಾಕಿ ನೋಡಿದ್ದೆ, ಉಸಿರಿರ್ಲಿಲ್ಲ. ಎದುರಿಗೆ ಮದುವೆ ಸೀಸನ್ನು, ಒಪ್ಕೊಂಡ ಕೆಲಸಗಳು. ಅಷ್ಟೊತ್ಗೆ ನಿನ್ನ ಫೋನು. ‘ಹೊನ್ನೇಶ, ನಿನ್ನ ಮಾತು ಕೇಳಿದಾಗಿಂದ ಇದು ಕೈಗೆ ಹಳಸಲು ಅನ್ನಿಸ್ತಿದೆ ಕಣೋ, ಮಾರ್ಬಿಡ್ಲಾ?’

ಸಭೇಲಿ ಹೇಳಿದ್ದು ನಂಬಿಕೊಂಡೇ ಹೇಳಿದ್ದು ಕಣೋ, ಆಣೆ ಮಾಡು ಅಂದ್ರೆ ಮಾಡ್ತೀನಿ. ಬರುತ್ತೆ ಅಂತ ನಂಗೂ ಆಸೆ. ಆದ್ರೆ ಅವತ್ತು ಫೋನಲ್ಲಿ... ಅವತ್ತು ನಾನು ಸೆನ್ಸರ್ ಯೋಚ್ನೆ ಮಾಡ್ಲಿಲ್ಲ. ನಿನ್ನ ಕ್ಯಾಮೆರಾ ಯೋಚ್ನೆ ಮಾಡಿದೆ. ಅದನ್ನ ನೀನು ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೆ ಅಂತ ನಂಗೊತ್ತಿತ್ತು. ಆ ಒಂದು ಗೀರು ಬಿಟ್ರೆ ಮಗು ತರ ಇತ್ತು. ‘ಕೆಂಪ, ನನ್ನದು ಕೆರೆ ಪಾಲಾಯ್ತು, ನಿಂದು ಸೀಸನ್ ಮುಗಿಯೋಗಂಟ ಇಬ್ರೂ ಹಂಚ್ಕೊಳ್ಳಣ’ ಅಂದಿದ್ರೆ ನೀನು ‘ಹೂಂ’ ಅಂತಿದ್ದೆ. ಅಂತಿದ್ದೆ ತಾನೇ? ಗೊತ್ತು, ಅಂತಿದ್ದೆ. ಕೆರೆಗೆ ಬಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ‘ಮಾರ್ಬಿಡು’ ಅಂದೆ. ಅದನ್ನ ಹೇಳೋಕೆ ನಾಚಿಕೆ ಆಗ್ಲಿಲ್ಲ ನೋಡು.

ಮದುವೆ ದಿನ ನೀನು ಇಸ್ತ್ರಿ ಶರಟು ಹಾಕ್ಕೊಂಡು ಬಂದಿದ್ದೆ. ನಿನ್ನ ನಾನು ಮದುವೆ ಮನೇಲಿ ಬರಿಗೈಲಿ ನೋಡಿದ್ದು ಅದೇ ಮೊದ್ಲು. ಕೈ ಎಲ್ಲಿಡೋದು ಅಂತ ಗೊತ್ತಾಗ್ದೆ ಒಂದು ಸಲ ಜೇಬಲ್ಲಿ, ಒಂದು ಸಲ ಬೆನ್ನ ಹಿಂದೆ. ಅಷ್ಟು ದೂರದಿಂದ ಲೆನ್ಸಲ್ಲಿ ನಂಗೆ ಅದೇ ಕಂಡಿದ್ದು. ರಾಜಶೇಖರಣ್ಣನ ಕಡೆಯೋರು ‘ಏನಪ್ಪಾ ಕೆಂಪರಾಜು, ಕ್ಯಾಮೆರಾ ಎಲ್ಲಿ’ ಅಂದ್ರೆ, ‘ಹೊಸದು ಬರ್ತಾ ಇದೆ, ದೊಡ್ಡ ಸೆನ್ಸರ್‌ದು’ ಅಂತಿದ್ದೆ. ಎಲ್ರಿಗೂ ನಗ್ತಾ ನಗ್ತಾ ಅಂತಿದ್ದೆ. ನಿನ್ನ ಕ್ಯಾಮೆರಾನೇ ಕಣ್ಣಿಗೆ ಹಿಡ್ಕೊಂಡು ನಾನು ಕಂಬದ ಹಿಂದೆ ನಿಂತಿದ್ದೆ. ಅದಕ್ಕೇ ಕಣೋ ಸಾರಿನ ಹಂಡೆ ಅಷ್ಟು ಫೋಟೋ ಬಂದಿದ್ದು. ಹಂಡೆ ಯಾರನ್ನೂ ಏನೂ ಕೇಳಲ್ಲ.

ಇನ್ನೂ ಇದೆ ಕೆಂಪ. ನಾನೇ ಹೇಳಿ ಮುಗಿಸ್ತೀನಿ.

ನೆನ್ನೆ ಮಧ್ಯಾಹ್ನ ವನಜಾಕ್ಷಿ ಆಲ್ಬಮ್ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕೂತ್ಲು. ನಮ್ಮ ಸ್ಟುಡಿಯೋದಲ್ಲಿ ಫೋಟೋ ತೊಳೆದು ಬಳಿಯೋದೆಲ್ಲಾ ಅವ್ಳೇ, ನಿಂಗೊತ್ತಲ್ಲ. ನಿನ್ನ ಕೈ ತುಂಬ ಕೆಲಸ ಇದ್ದಾಗ ನಿನ್ನ ಆಲ್ಬಮ್ಮೂ ಎಷ್ಟೋ ಮಾಡಿದಾಳೆ. ಇಷ್ಟು ದಿನ ತೆಗೆದಿದ್ದೆಲ್ಲಾ ಛತ್ರದ ಒಳಗೆ, ಆಕಾಶನೇ ಇರ್ಲಿಲ್ಲ. ಈ ಗುಂಪು ಫೋಟೋ ಬಿಚ್ಚಿದ್ಲು. ಆ ಮೂಲೆ ನೋಡಿದ್ಲು. ನಿನ್ನಂಗೇ ದೊಡ್ಡದು ಮಾಡಿದ್ಲು. ಮುಂದಿನದು ಬಿಚ್ಚಿದ್ಲು. ‘ಇದು ಕೆಂಪಣ್ಣನ ಬೊಟ್ಟಲ್ವೇನ್ರೀ’ ಅಂದ್ಲು. ನಾನು ಧೂಳು ಅಂದೆ. ಬಾಡಿಗೆ ಅಂದೆ. ಹಾಸನ ಅಂದೆ. ನಿಂಗೆ ಹೇಳಿದ್ದೆಲ್ಲಾ ಅವ್ಳಿಗೂ ಹೇಳ್ದೆ, ಇದೇ ಸಾಲಲ್ಲಿ. ನೀನು ಕಟರ್ ಕೆಳಗಿಟ್ಟಂಗೆ ಅವ್ಳು ಮೌಸ್ ಪಕ್ಕಕ್ಕೆ ತಳ್ಳಿದ್ಲು. ಆಮೇಲೆ ಎಲ್ಲಾ ಹೇಳ್ದೆ. ನಿಂಗೆ ಹೇಳೋಕ್ಮುಂಚೆ ಅವ್ಳಿಗೆ ಹೇಳ್ಬೇಕಾಗಿ ಬಂತು, ಅದೂ ಒಂದು ತಪ್ಪು, ಸೇರಿಸ್ಕೋ.

‘ಆ ಬೊಟ್ಟು ಅಳಿಸು, ಆಲ್ಬಮ್ ಕೊಟ್ಬಿಡೋಣ’ ಅಂದೆ. ‘ಅದನ್ನ ನಾನು ಅಳಿಸಲ್ಲ ಕಣ್ರೀ’ ಅಂದ್ಲು. ಕಂಪ್ಯೂಟರ್ ಆರಿಸಿ ಎದ್ಲು. ಬೈಯ್ಲಿಲ್ಲ. ಹೊರಗೆ ಹೋಗಿ ಒಣಗಾಕಿದ್ದ ಬಟ್ಟೆ ತಂದು ಮಡಿಸ್ತಾ ಕೂತ್ಲು. ನಾನು ಹಿಂದಿಂದೇ ಹೋಗಿ ನಿಂತೆ. ‘ಈಗ ನಾನೇನ್ ಮಾಡ್ಲೇ’ ಅಂದೆ.

ಈರುಳ್ಳಿಗಲ್ಲ ಕಣೋ ಅವ್ಳು ಕಳ್ಸಿದ್ದು. ಬಂದಾಗಿಂದ ಆ ಬ್ಯಾಗಿನ ಜಿಪ್ಪಿಗೆ ಕೈ ಹಾಕೋಣ ಅಂತ ನೋಡ್ತಿದೀನಿ, ಕೈ ಹೋಗ್ತಿಲ್ಲ. ಅವ್ಳು ತಲೆ ಕೂಡ ಎತ್ತಲಿಲ್ಲ, ಟವೆಲ್ ಮಡಿಸ್ತಾ ಮಡಿಸ್ತಾನೇ ಅಂದ್ಲು: ‘ನಾಳೆ ಅದನ್ನ ತಗೊಂಡು ಅಜ್ಜಂಪುರಕ್ಕೆ ಹೋಗ್ರೀ. ಕೆಂಪಣ್ಣನ ಎದುರಿಗೆ ಕೂತ್ಕೊಂಡು, ಅದೇ ಕ್ಯಾಮೆರಾದಲ್ಲಿ ಅವ್ರ ಮುಖದ್ದು ಒಂದೇ ಒಂದು ಫೋಟೋ ತೆಗೀರಿ. ತೆಗೆಯೋಕಾದ್ರೆ ಅದು ನಿಮ್ಮದು, ಮನೆಗೆ ತನ್ನಿ.’